ಮಾಡಿನ ಮೇಲೆ ಮಳೆ, ಮಾಡಿನೊಳಗೆ ಕಿಡಿ

ಫಾಲ್ಗುಣ ಕಳೆದು ಚೈತ್ರ ಹತ್ತಿರವಾದಂತೆ ಮಲೆನಾಡಿನ ಗುಡ್ಡದ ಹುಲ್ಲು ಒಣಗಿ ಕಾಲಿಟ್ಟಲ್ಲೆಲ್ಲ ಚರಚರ ಎನ್ನುತ್ತದೆ. ಅಡಿಕೆ ಸೋಗೆ ಹೊದೆಸಿದ ಮನೆಗಳ ಕಾಲದಲ್ಲಿ ಆ ದಿನಗಳೆಂದರೆ ಮನೆಮಂದಿಗೆಲ್ಲ ಒಂದು ಕಣ್ಣು ಗುಡ್ಡದ ಕಡೆಗೇ. ಬ್ಯಾಣದಲ್ಲೆಲ್ಲೋ ಹೊಗೆ ಎದ್ದರೆ ಜೀವ ಬಾಯಿಗೆ ಬರುತ್ತಿತ್ತು. ಹಂಡೆಗೆ ನೀರು ತುಂಬಿಡುವುದು, ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗುವುದು, ಬೀಡಿ ಸೇದುವವರನ್ನು ಜಗಲಿಯಿಂದಾಚೆ ಕಳಿಸುವುದು ನಿತ್ಯದ ಕಟ್ಟಳೆ. ಮೂರು ತಿಂಗಳು ಕಳೆದರೆ ಅದೇ ಮಾಡಿನ ಕಥೆಯೇ ಬೇರೆ. ಆರಿದ್ರಾ ಮಳೆ ಹಿಡಿದರೆ ಬಿಡುವುದಿಲ್ಲ. ಸೋಗೆ ನೆನೆದು ತೂಗುತ್ತದೆ, ಗೋಡೆಯ ಬುಡ ಕಪ್ಪಾಗುತ್ತದೆ, ಪೆಟ್ಟಿಗೆಯೊಳಗಿನ ಮದುವೆ ಸೀರೆಗೂ ಬೂಷ್ಟು ಹಿಡಿಯುತ್ತದೆ. ಒದ್ದೆ ಸೌದೆ ಉರಿಯದೆ ಅಡುಗೆಮನೆ ತುಂಬ ಹೊಗೆ.

ಸೋಗೆ ಮನೆಗಳು ಹೆಚ್ಚುಕಡಿಮೆ ಮರೆಯಾದವು. ಎರಡು ಭಯಗಳು ಮಾತ್ರ ಮರೆಯಾಗಿಲ್ಲ. ಇವತ್ತಿನ ಕಾಂಕ್ರೀಟು ಮನೆಯಲ್ಲಿ ಸೋರುವುದನ್ನು ನಿಲ್ಲಿಸಲು ವಾಟರ್‌ಪ್ರೂಫಿಂಗ್‌ನವರು ಬರುತ್ತಾರೆ, ಬೆಂಕಿಗೆ ಅಗ್ನಿಶಾಮಕ ದಳದವರಿದ್ದಾರೆ, ವಿದ್ಯುತ್ತಿಗೆ ಎಲೆಕ್ಟ್ರೀಷಿಯನ್. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲ. ಗೋಡೆಗೆ ಮಾತ್ರ ಈ ಇಲಾಖೆಗಳ ಹಂಚಿಕೆ ತಿಳಿಯದು. ತೇವ ತಡೆಯಲೆಂದು ಮಾಡಿದ ಕೆಲಸ ಬೆಂಕಿಗೆ ದಾರಿಯಾಗುವುದು, ಬೆಂಕಿ ತಡೆಯಲೆಂದು ಹಾಕಿದ ಹಲಗೆ ತೇವಕ್ಕೆ ಹಾಳಾಗುವುದು ನಡೆಯುತ್ತಲೇ ಇರುತ್ತದೆ. ಕಟ್ಟಡ ಕಟ್ಟುವವರು ನೂರಾರು ವರ್ಷಗಳಿಂದ ಈ ಇಕ್ಕಟ್ಟಿನ ನಡುವೆಯೇ ದಾರಿ ಹುಡುಕುತ್ತ ಬಂದಿದ್ದಾರೆ.

ನೀರೊಲ್ಲದ್ದು ಉರಿಯುತ್ತದೆ

ಇಕ್ಕಟ್ಟಿನ ಬೇರು ವಸ್ತುಗಳ ಗುಣದಲ್ಲೇ ಇದೆ. ನೀರನ್ನು ಹತ್ತಿರ ಸೇರಿಸದ ವಸ್ತುಗಳು ಯಾವುವು? ಎಣ್ಣೆ, ಮೇಣ, ಡಾಂಬರು, ರಾಳ, ಪ್ಲಾಸ್ಟಿಕ್. ಇವೆಲ್ಲ ಇಂಗಾಲ, ಜಲಜನಕಗಳಿಂದಾದ ಒಂದೇ ಕುಲದವು. ನೀರು ಅಂಟದಿರುವುದು ಈ ಕುಲದ ಗುಣ, ಹೊತ್ತಿ ಉರಿಯುವುದೂ ಅದೇ ಕುಲದ ಗುಣ. ಕರಾವಳಿಯಲ್ಲಿ ತೊಲೆ, ಪಕಾಸುಗಳಿಗೆ ಗೇರೆಣ್ಣೆ ಬಳಿಯುವ ರೂಢಿಯಿತ್ತು. ಗೆದ್ದಲೂ ಬರುವುದಿಲ್ಲ, ತೇವವೂ ಹಿಡಿಯುವುದಿಲ್ಲ. ಆದರೆ ಬೆಂಕಿ ತಗುಲಿದರೆ ಆ ಎಣ್ಣೆಯೇ ಸೌದೆ.

ಇನ್ನೊಂದು ಕಡೆ ಮಣ್ಣು, ಸುಣ್ಣ, ಜಿಪ್ಸಂ, ಇಟ್ಟಿಗೆ, ಮುರಕಲ್ಲು. ಇವು ಉರಿಯುವುದಿಲ್ಲ. ಆದರೆ ಒಡಲ ತುಂಬ ಸಣ್ಣ ಸಣ್ಣ ರಂಧ್ರ, ನೀರು ಕಂಡರೆ ಹೀರುತ್ತವೆ. ಎರಡೂ ಪರೀಕ್ಷೆಗಳಲ್ಲಿ ಗೆಲ್ಲುವ ವಸ್ತುಗಳು ಕಡಿಮೆ. ಗಟ್ಟಿ ಕಲ್ಲು, ಚೆನ್ನಾಗಿ ಬೆಂದ ಹಂಚು, ಲೋಹ, ಗಾಜು. ಅವುಗಳಲ್ಲೂ ಲೋಹ ಕಾಯ್ದರೆ ಬಾಗುತ್ತದೆ, ಗಾಜು ಒಡೆಯುತ್ತದೆ.

ಈ ಎಣ್ಣೆ ಕುಲವನ್ನು ನಂಬಿ ಕೆಟ್ಟದ್ದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದ ಸರ್ಕಸ್ ಡೇರೆ. ಮಳೆಗೆ ಸೋರದಿರಲೆಂದು ಡೇರೆಯ ಬಟ್ಟೆಗೆ ಪ್ಯಾರಾಫಿನ್ ಮೇಣವನ್ನು ಪೆಟ್ರೋಲಿನಲ್ಲಿ ಕರಗಿಸಿ ಬಳಿದಿದ್ದರು. 1944ರ ಜುಲೈ 6ರ ಮಧ್ಯಾಹ್ನದ ಪ್ರದರ್ಶನದ ವೇಳೆ ಡೇರೆಯ ಪಕ್ಕದ ಗೋಡೆಗೆ ಬೆಂಕಿ ತಗುಲಿತು. ಕೆಲವೇ ನಿಮಿಷಗಳಲ್ಲಿ ಇಡೀ ಡೇರೆ ಉರಿದು ಕುಸಿಯಿತು. ಕರಗಿದ ಮೇಣ ಉರಿಯುತ್ತಲೇ ಜನರ ಮೇಲೆ ತೊಟ್ಟಿಕ್ಕಿತು. ಸತ್ತವರು ಕನಿಷ್ಠ 167 ಮಂದಿ, ಅವರಲ್ಲಿ ಮಕ್ಕಳೇ ಬಹಳ. ಮಳೆಯಿಂದ ಕಾಪಾಡಬೇಕಿದ್ದ ಲೇಪವೇ ಮೃತ್ಯುವಾಯಿತು.

ಸೋಗೆಯ ಕೆಳಗೆ ಮಣ್ಣಿನ ಮುಚ್ಚಿಗೆ

ಮಲೆನಾಡಿನ ಹಿರಿಯರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಸೋಗೆ ಹೊತ್ತಿಕೊಳ್ಳುತ್ತದೆ, ಮಣ್ಣು ಕರಗುತ್ತದೆ ಎಂಬುದು ಗೊತ್ತಿತ್ತು. ಆದ್ದರಿಂದ ಎರಡನ್ನೂ ಒಂದರ ಮೇಲೊಂದು ಇಟ್ಟರು.

ಹಳೆಯ ಮನೆಯ ಅಟ್ಟ ಹತ್ತಿ ನೋಡಿದರೆ ಈ ಉಪಾಯ ಕಣ್ಣಿಗೆ ಬೀಳುತ್ತದೆ. ತೊಲೆಗಳ ಮೇಲೆ ಹಲಗೆ ಅಥವಾ ಅಡಿಕೆ ದಬ್ಬೆ ಒತ್ತೊತ್ತಾಗಿ ಜೋಡಿಸಿರುತ್ತಾರೆ. ಅದರ ಮೇಲೆ ಕೆಲವು ಅಂಗುಲ ದಪ್ಪಕ್ಕೆ ಕಲಸಿದ ಮಣ್ಣು ಮೆತ್ತಿ ಒಣಗಿಸಿರುತ್ತಾರೆ. ಇದೇ ಮುಚ್ಚಿಗೆ. ಅದರ ಮೇಲೆ ಆಳೆತ್ತರದ ಖಾಲಿ ಜಾಗ ಬಿಟ್ಟು ಇಳಿಜಾರಾದ ಸೋಗೆ ಮಾಡು. ಮಳೆಯನ್ನು ಸೋಗೆ ನೋಡಿಕೊಳ್ಳುತ್ತದೆ, ಮಣ್ಣಿಗೆ ನೀರು ತಾಗದಂತೆ ಕಾಯುತ್ತದೆ. ಮೇಲಿನ ಸೋಗೆ ಹೊತ್ತಿ ಉರಿದು ಬಿದ್ದರೂ ಬೆಂಕಿ ಮಣ್ಣಿನ ಹಾಸನ್ನು ದಾಟಿ ಕೆಳಗಿಳಿಯಲು ಹೊತ್ತು ಬೇಕು. ಅಷ್ಟರಲ್ಲಿ ಮಕ್ಕಳು, ದನಕರು, ಕಣಜದ ಭತ್ತ, ದೇವರ ಪೆಟ್ಟಿಗೆ ಹೊರಗೆ. ಈಗಿನ ಎಂಜಿನಿಯರುಗಳು ಲೆಕ್ಕ ಹಾಕುವುದೂ ಇದನ್ನೇ. ಎಷ್ಟು ಗಂಟೆ ತಡೆಯುತ್ತದೆ ಎಂಬುದು ಅವರ ಅಳತೆ, ಉರಿಯುವುದೇ ಇಲ್ಲವೇ ಎಂಬುದಲ್ಲ.

ತೇವಕ್ಕೆ ಮದ್ದಾಗಿ ಬೆಂಕಿಯನ್ನೇ ಬಳಸಿದ್ದು ಇನ್ನೊಂದು ಜಾಣತನ. ಅಡುಗೆಮನೆಗೂ ಬಚ್ಚಲ ಒಲೆಗೂ ಚಿಮಣಿ ಇರುತ್ತಿರಲಿಲ್ಲ. ಹೊಗೆ ಅಟ್ಟದ ಸಂದಿಯಿಂದ ಮೇಲೇರಿ ಮಾಡಿನ ಅಡಿಯೆಲ್ಲ ಸುತ್ತಾಡಿ ಹೊರಗೆ ಹೋಗುತ್ತಿತ್ತು. ಮಳೆಗಾಲದ ನಾಲ್ಕು ತಿಂಗಳು ಈ ಹೊಗೆ ಸೋಗೆಯನ್ನು ಒಳಗಿನಿಂದ ಒಣಗಿಸುತ್ತಿತ್ತು, ಹುಳ ಬೀಳದಂತೆ ಕಾಯುತ್ತಿತ್ತು. ಹೆಂಗಸರ ಕಣ್ಣು, ಶ್ವಾಸಕೋಶ ಅದಕ್ಕೆ ತೆತ್ತ ಬೆಲೆಯನ್ನು ಮರೆತು ಇದನ್ನು ಹೊಗಳುವುದು ತರವಲ್ಲ. ಹೊಗೆಯಿಲ್ಲದ ಒಲೆ ಬಂದ ಮೇಲೆ ಮಾಡಿಗೆ ಬೇಗ ಹುಳ ಬೀಳುತ್ತದೆ ಎಂಬ ಗೊಣಗಾಟ ಹುಟ್ಟಿದ್ದು ಮಾತ್ರ ಹೊಗೆಯ ಈ ಕಾವಲು ತಪ್ಪಿದ್ದರಿಂದ.

ಗೋಡೆಗೆ ಎರಚಲು ಹೊಡೆಯದಂತೆ ಮಳೆಗಾಲಕ್ಕೆ ಮುನ್ನ ಸೋಗೆ ತಟ್ಟಿ ಕಟ್ಟುತ್ತಿದ್ದರು, ದೀಪಾವಳಿಯ ಹೊತ್ತಿಗೆ ಬಿಚ್ಚುತ್ತಿದ್ದರು. ಬೇಸಿಗೆ ಬರುವ ಮೊದಲೇ ಒಣ ಸರಕು ಗೋಡೆಯಿಂದ ದೂರ. ಈಗ ಅದೇ ಜಾಗದಲ್ಲಿ ನೀಲಿ ತಾಡಪಾಲು, ಹಸಿರು ಬಲೆ. ಅವನ್ನು ಬಿಚ್ಚುವವರು ಕಡಿಮೆ.

ಮುಚ್ಚಿಗೆಯಿಲ್ಲದ ಸೋಗೆ, ಗರಿಗಳ ಮಾಡು ಎಷ್ಟು ಅಪಾಯ ಎಂಬುದಕ್ಕೆ ತಮಿಳುನಾಡಿನ ಕುಂಭಕೋಣಂ ಸಾಕ್ಷಿ. 2004ರ ಜುಲೈ 16ರಂದು ಅಲ್ಲಿನ ಶಾಲೆಯೊಂದರ ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ಹಬ್ಬಿತು, ಉರಿಯುವ ಮಾಡು ತರಗತಿಯ ಮೇಲೆ ಬಿತ್ತು. 94 ಮಕ್ಕಳು ಸತ್ತರು. ಬಡವರ ಹುಲ್ಲು ಮಾಡುಗಳಿಗಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದಕ್ಕೂ ಬಹಳ ಮೊದಲೇ ಒಂದು ಸುಲಭ ವಿಧಾನ ರೂಪಿಸಿತ್ತು. ಮಣ್ಣಿನ ಗಾರೆಗೆ ಸ್ವಲ್ಪ ಡಾಂಬರು ಬೆರೆಸಿ ಹುಲ್ಲಿನ ಮೇಲೆ ಮೆತ್ತುವುದು. ಮಣ್ಣು ಬೆಂಕಿಯನ್ನು ತಡೆಯುತ್ತದೆ, ಡಾಂಬರು ಆ ಮಣ್ಣನ್ನು ಮಳೆಗೆ ಕರಗದಂತೆ ಹಿಡಿದಿಡುತ್ತದೆ. ಮಣ್ಣಿನ ಪಾಲೇ ದೊಡ್ಡದಾದ್ದರಿಂದ ಅದರೊಳಗಿನ ಡಾಂಬರಿಗೆ ಹೊತ್ತಿಕೊಳ್ಳಲು ಆಸ್ಪದ ಸಿಗುವುದಿಲ್ಲ. ಇಷ್ಟು ಅಗ್ಗದ ಉಪಾಯ ಹಳ್ಳಿಗಳನ್ನು ಮುಟ್ಟಿದ್ದು ಬಹಳ ಕಡಿಮೆ.

ಜೆಪ್ಪುವಿನಿಂದ ಹೊರಟ ಹಂಚು

ಕರಾವಳಿ, ಮಲೆನಾಡುಗಳ ಮಾಡನ್ನು ನಿಜಕ್ಕೂ ಬದಲಿಸಿದ್ದು ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್‌ಸ್ಟ್ ಇಲ್ಲಿನ ನದಿಪಾತ್ರದ ಜೇಡಿಮಣ್ಣಿನ ಗುಣ ಪರೀಕ್ಷಿಸಿದ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾಯಿತು. ಸ್ಥಳೀಯರ ಕಾರ್ಖಾನೆಗಳೂ ಬೆನ್ನಿಗೇ ಬಂದವು. ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಹೊಗೆಗೂಡುಗಳು ಎದ್ದವು. ಮಣ್ಣು, ಸೌದೆ, ಸರಕು ಎಲ್ಲವೂ ದೋಣಿಯಲ್ಲೇ ಬರುತ್ತಿತ್ತು, ಹೋಗುತ್ತಿತ್ತು. ಹಂಚು ಹಡಗು ಹತ್ತಿ ಆಫ್ರಿಕಾ, ಆಸ್ಟ್ರೇಲಿಯದವರೆಗೂ ಹೋಯಿತು.

ಅದಕ್ಕೂ ಮುಂಚೆ ನಾಡ ಹಂಚು ಇರಲಿಲ್ಲವೆಂದಲ್ಲ. ಕುಂಬಾರರು ತಿಗರಿಯಲ್ಲಿ ಮಾಡಿದ ಅರೆಕೊಳವೆಯಂಥ ಹಂಚನ್ನು ಒಂದರ ಮೇಲೊಂದು ಹೊದೆಸಬೇಕಿತ್ತು. ಬೆಕ್ಕು ಓಡಾಡಿದರೂ ಜರುಗುತ್ತಿತ್ತು. ಪ್ರತಿ ವರ್ಷ ಮಳೆಗೆ ಮುನ್ನ ಹಂಚು ಕೈಯಾಡಿಸಲೇಬೇಕು. ಯಂತ್ರದಲ್ಲಿ ಒತ್ತಿದ ಹೊಸ ಹಂಚಿನ ಅಂಚಿನಲ್ಲಿ ಗಾಡಿಗಳು, ಅಂದರೆ ತೋಡುಗಳಿದ್ದವು. ಒಂದು ಹಂಚಿನ ಏಣು ಪಕ್ಕದ ಹಂಚಿನ ಗಾಡಿಯಲ್ಲಿ ಕೂರುತ್ತದೆ. ಎರಚಲು ನೀರು ಸಂದಿಗೆ ನುಗ್ಗಿದರೂ ಆ ಗಾಡಿಯಲ್ಲೇ ಹರಿದು ಕೆಳಗಿನ ಹಂಚಿನ ಬೆನ್ನಿಗೆ ಬೀಳುತ್ತದೆ. ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುವುದರಿಂದ ಜಾರುವುದಿಲ್ಲ.

ಗೂಡಿನಲ್ಲಿ ಕೆಂಪಗೆ ಬೆಂದು ಬಂದ ಮಣ್ಣಿಗೆ ಮನೆಯ ಬೆಂಕಿ ಹೊಸದೇನೂ ಅಲ್ಲ. ಪಕ್ಕದ ಮನೆಯ ಕಿಡಿ ಹಾರಿ ಬಂದು ಬಿದ್ದರೆ ಅಲ್ಲೇ ಆರುತ್ತದೆ. ಹಂಚು ಸ್ವಲ್ಪ ನೀರು ಹೀರುತ್ತದೆ, ನಿಜ. ಇಳಿಜಾರು ಸರಿಯಾಗಿದ್ದರೆ ನೀರು ನಿಲ್ಲುವುದಿಲ್ಲ, ಬಿಸಿಲು ಬಂದೊಡನೆ ಆರುತ್ತದೆ. ಒಂದಕ್ಕೊಂದು ತಾಗಿ ನಿಂತ ಸೋಗೆ ಮನೆಗಳ ಕೇರಿಯಲ್ಲಿ ಒಂದು ಮನೆಯ ಬೆಂಕಿ ಸಾಲು ಸಾಲಾಗಿ ನುಂಗುತ್ತಿದ್ದ ಕಾಲ ಮುಗಿದದ್ದು ಈ ಹಂಚಿನಿಂದ. ರೈಲು ನಿಲ್ದಾಣ, ಶಾಲೆ, ಆಸ್ಪತ್ರೆ, ಕಚೇರಿಗಳಿಗೆ ಅದು ಒಗ್ಗಿಹೋದದ್ದೂ ಇದಕ್ಕೇ. ಆದರೆ ಹಂಚಿನಡಿಯ ಪಕಾಸು, ರೀಪುಗಳು ಮರದವೇ. ಬೆಂಕಿ ಒಳಗಿನಿಂದ ಎದ್ದರೆ ಹಂಚು ಏನೂ ಮಾಡಲಾರದು, ಮರ ಸುಟ್ಟಂತೆ ಕೆಳಗೆ ಸುರಿಯುತ್ತದೆ.

ಇವತ್ತು ಅಂದಕ್ಕಾಗಿ ಕಾಂಕ್ರೀಟು ಇಳಿಜಾರಿನ ಮೇಲೆ ಹಂಚು ಅಂಟಿಸುವವರಿದ್ದಾರೆ. ಅಡಿಯಲ್ಲಿ ಗಾಳಿಯಾಡದ ಅಂಥ ಹಂಚು ತೇವ ಹಿಡಿದು ಪಾಚಿಗಟ್ಟುತ್ತದೆ. ಅದನ್ನು ಹಂಚಿನ ಮನೆ ಎನ್ನಲು ನಾಲಿಗೆ ಹೊರಳುವುದಿಲ್ಲ.

ಅರಮನೆ ಸುಟ್ಟ ಮೇಲೆ

ಬೆಂಕಿಯ ಪಾಠ ಬಡವರಿಗಷ್ಟೇ ಅಲ್ಲ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಬೆಂಕಿಗೆ ಸಿಕ್ಕಿತು. ಹೊಸದನ್ನು ಕಟ್ಟುವ ಹೊಣೆ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ಬಂತು. 1912ರಲ್ಲಿ ಮುಗಿದ ಈಗಿನ ಅರಮನೆಯಲ್ಲಿ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣ ಮೆರೆಯುತ್ತವೆ. ಕಲ್ಯಾಣ ಮಂಟಪದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದವು. ಮರ ಇಲ್ಲವೆಂದಲ್ಲ, ಬಾಗಿಲುಗಳಲ್ಲಿ, ಛಾವಣಿಯ ಕೆತ್ತನೆಯಲ್ಲಿ ಬೇಕಾದಷ್ಟಿದೆ. ಕಟ್ಟಡವನ್ನು ಹೊತ್ತು ನಿಲ್ಲಿಸುವ ಕೆಲಸ ಮಾತ್ರ ಕಲ್ಲು, ಕಬ್ಬಿಣಕ್ಕೆ ಹೋಯಿತು.

ಕರಲು ಮಣ್ಣಿನ ಮಾಳಿಗೆ

ಚಿತ್ರದುರ್ಗ ದಾಟಿ ಬಳ್ಳಾರಿ, ರಾಯಚೂರಿನತ್ತ ಹೋದರೆ ಮಾಡೇ ಇಲ್ಲ, ಮಾಳಿಗೆ. ಮರದ ತೊಲೆ, ಜಂತಿಗಳ ಮೇಲೆ ಮಣ್ಣಿನ ದಪ್ಪ ಮೇಲ್ಮುದ್ದೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಆ ಹವೆಗೆ ಮಣ್ಣಿಗಿಂತ ತಂಪಾದ, ಬೆಂಕಿಗೆ ಹೆದರದ ಹೊದಿಕೆ ಬೇರೆಯಿಲ್ಲ. ಆದರೆ ಮಣ್ಣು ಸೋರುವುದಿಲ್ಲವೇ?

ಇದಕ್ಕೆ ರೈತರು ಹೊಲದಲ್ಲಿ ಬೇಡದ ಮಣ್ಣನ್ನೇ ಮದ್ದು ಮಾಡಿಕೊಂಡರು. ಬೆಳೆ ಬಾರದ ಕರಲು ಮಣ್ಣು, ಅಂದರೆ ಚೌಳು ಮಣ್ಣನ್ನು ಮಳೆಗೆ ಮುನ್ನ ಬಂಡಿಯಲ್ಲಿ ತಂದು ಮಾಳಿಗೆಯ ಮೇಲೆ ಹರಡುತ್ತಾರೆ. ಆ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ಬಿದ್ದೊಡನೆ ಜೇಡಿಯ ಕಣಗಳು ಒಂದರಿಂದೊಂದು ಬಿಡಿಸಿಕೊಂಡು ರಂಧ್ರಗಳಲ್ಲಿ ತುಂಬಿಕೊಳ್ಳುತ್ತವೆ, ನೀರು ಇಳಿಯುವ ದಾರಿ ಮುಚ್ಚಿಹೋಗುತ್ತದೆ. ಹೊಲದಲ್ಲಿ ಬೇರಿಗೆ ನೀರು ಬಿಡದ ಅದೇ ದುರ್ಗುಣ ಮಾಳಿಗೆಯ ಮೇಲೆ ಸದ್ಗುಣ.

ಈ ಲೆಕ್ಕ ನಿಂತಿರುವುದು ಮಳೆ ಬಂದು ಹೋಗುತ್ತದೆ ಎಂಬ ನಂಬಿಕೆಯ ಮೇಲೆ. 2009ರ ಅಕ್ಟೋಬರ್ ಮೊದಲ ವಾರ ಉತ್ತರ ಕರ್ನಾಟಕದಲ್ಲಿ ಮಳೆ ಬಂತು, ಹೋಗಲಿಲ್ಲ. ದಿನಗಟ್ಟಲೆ ನೆನೆದ ಮೇಲ್ಮುದ್ದೆಯ ಭಾರಕ್ಕೆ ಮನೆಗಳು ಕುಸಿದವು. ಜೀವ ಕಳೆದುಕೊಂಡವರಲ್ಲಿ ಗೋಡೆ, ಮಾಳಿಗೆ ಬಿದ್ದು ಸತ್ತವರೂ ಇದ್ದರು.

ಗೋಡೆ ಹತ್ತುವ ನೀರು

ಮೇಲಿನಿಂದ ಬೀಳುವ ನೀರು ಕಾಣುತ್ತದೆ. ಕೆಳಗಿನಿಂದ ಏರುವ ನೀರು ಕಾಣುವುದಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವ ಹಾಗೆ ಇಟ್ಟಿಗೆ, ಮುರಕಲ್ಲು, ಗಾರೆಗಳು ನೆಲದ ತೇವವನ್ನು ಎಳೆದುಕೊಂಡು ಮೂರು ನಾಲ್ಕು ಅಡಿ ಎತ್ತರಕ್ಕೆ ಒಯ್ಯುತ್ತವೆ. ನೀರಿನ ಜೊತೆ ಬಂದ ಲವಣ ಗೋಡೆಯ ಮೇಲ್ಮೈಯಲ್ಲಿ ಹರಳುಗಟ್ಟಿ ಬಣ್ಣವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಬೆರಳಿಗೆ ಹತ್ತುವ ಬಿಳಿ ಪುಡಿ ಅದೇ.

ಇದನ್ನು ತಡೆಯಲು ಪಾಯ ಮುಗಿದು ಗೋಡೆ ಶುರುವಾಗುವಲ್ಲಿ ನೀರೇರದ ಒಂದು ಪದರ ಹಾಕುತ್ತಾರೆ. ಮೇಸ್ತ್ರಿಗಳ ಬಾಯಲ್ಲಿ ಡಿಪಿಸಿ. ಒಂದೂವರೆ ಅಂಗುಲ ದಪ್ಪದ ಒಳ್ಳೆಯ ಕಾಂಕ್ರೀಟು, ಬೇಕಿದ್ದರೆ ಅದರ ಮೇಲೆ ಡಾಂಬರಿನ ಲೇಪ. ಇಲ್ಲಿ ಡಾಂಬರು ಬಳಸಲು ಅಂಜಿಕೆಯಿಲ್ಲ. ಕಲ್ಲು, ಇಟ್ಟಿಗೆಗಳ ನಡುವೆ ಹೂತುಹೋದ ಅದಕ್ಕೆ ಗಾಳಿಯೂ ಇಲ್ಲ, ಕಿಡಿಯೂ ತಾಗದು. ವಸ್ತು ಯಾವುದು ಎಂಬುದರಷ್ಟೇ ಮುಖ್ಯ ಅದು ಕೂತ ಜಾಗ.

ಡಿಪಿಸಿ ಇಲ್ಲದ ಹಳೆಯ ಮನೆಗಳಲ್ಲಿ ಸುಣ್ಣದ ಗಾರೆ ತೇವವನ್ನು ಹೀರಿ ಬಿಸಿಲಿಗೆ ಬಿಟ್ಟುಕೊಡುತ್ತಿತ್ತು. ಗೋಡೆ ಒಸರುತ್ತದೆಂದು ಅದನ್ನು ಕೆತ್ತಿ ಸಿಮೆಂಟು ಬಳಿದು, ಮೇಲೊಂದು ವಾಟರ್‌ಪ್ರೂಫ್ ಬಣ್ಣ ಹೊಡೆಸುವುದು ಈಚಿನ ರೂಢಿ. ಹೊರಬರುವ ದಾರಿ ಮುಚ್ಚಿದ ನೀರು ಇನ್ನೂ ಮೇಲಕ್ಕೆ ಏರುತ್ತದೆ. ಮೊದಲು ಮೊಣಕಾಲೆತ್ತರಕ್ಕಿದ್ದ ಕಲೆ ಸ್ವಿಚ್‌ಬೋರ್ಡಿನ ಮಟ್ಟ ಮುಟ್ಟುತ್ತದೆ.

ಅಲ್ಲಿಂದ ಬೆಂಕಿಯ ಕಥೆ.

ತೇವ ಕಿಡಿಯಾಗುವ ಬಗೆ

ಒದ್ದೆ ಗೋಡೆಯಲ್ಲಿ ಹುದುಗಿಸಿದ ಪೈಪಿನೊಳಗೆ ಹನಿ ನೀರು ಸೇರುತ್ತದೆ. ಹಳೆಯ ವೈರಿನ ಹೊದಿಕೆ ಬಿರುಕು ಬಿಟ್ಟಿದ್ದರೆ ವಿದ್ಯುತ್ತು ಸಣ್ಣದಾಗಿ ಸೋರತೊಡಗುತ್ತದೆ. ಸ್ವಿಚ್‌ಬೋರ್ಡಿನ ಹಿಂದೆ ಧೂಳು, ತೇವ ಎರಡೂ ಸೇರಿದ ಕಡೆ ಆ ಸೋರಿಕೆ ಹರಿದ ದಾರಿಯಲ್ಲಿ ಪ್ಲಾಸ್ಟಿಕ್ ಸುಟ್ಟು ಕಪ್ಪು ಗೆರೆ ಮೂಡುತ್ತದೆ. ಮಸಿ ವಿದ್ಯುತ್ತನ್ನು ಇನ್ನೂ ಚೆನ್ನಾಗಿ ಹರಿಸುತ್ತದೆ. ಗೆರೆ ಬೆಳೆಯುತ್ತದೆ. 230 ವೋಲ್ಟಿನಲ್ಲಿ 300 ಮಿಲಿ ಆಂಪಿಯರ್ ಸೋರಿದರೂ ಉಗುರಿನಗಲದ ಜಾಗದಲ್ಲಿ ಸುಮಾರು 70 ವ್ಯಾಟ್ ಶಾಖ ಹುಟ್ಟುತ್ತದೆ. ಪಕ್ಕದಲ್ಲಿ ಮರದ ಹಲಗೆಯೋ ಪರದೆಯೋ ಇದ್ದರೆ ಹೊತ್ತಿಕೊಳ್ಳಲು ಅಷ್ಟು ಸಾಕು.

ಮಿತಿಮೀರಿ ಕರೆಂಟು ಹರಿದಾಗ ಕಡಿಯುವ ಎಂಸಿಬಿ ಮನೆಯಲ್ಲಿದ್ದರೂ ಈ ಸೋರಿಕೆಯನ್ನು ಕಾಣುವುದಿಲ್ಲ. 16 ಆಂಪಿಯರಿನ ಎಂಸಿಬಿಗೆ 300 ಮಿಲಿ ಆಂಪಿಯರ್ ಲೆಕ್ಕಕ್ಕೇ ಇಲ್ಲ. ಹೋದ ಕರೆಂಟು, ಮರಳಿ ಬಂದ ಕರೆಂಟು ಎರಡನ್ನೂ ತಾಳೆ ನೋಡಿ, 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೂ ಕ್ಷಣಾರ್ಧದಲ್ಲಿ ಕಡಿದುಹಾಕುವ ಸಾಧನ ಬೇರೆಯೇ ಇದೆ, ಆರ್‌ಸಿಸಿಬಿ. ಮಳೆಗಾಲದಲ್ಲಿ ಅದು ಪದೇ ಪದೇ ಬೀಳುತ್ತದೆಂದು ತೆಗೆಸಿ ನೇರ ಕೊಟ್ಟಿರುವ ಮನೆಗಳಿಗೆ ಲೆಕ್ಕವಿಲ್ಲ. ಅದು ಬೀಳುತ್ತಿರುವುದು ಗೋಡೆಯೊಳಗೆ ಸೋರಿಕೆ ಇದೆ ಎಂದು ಹೇಳಲಿಕ್ಕೆ.

ಮಲೆನಾಡಿನಲ್ಲಿ ಈಗ ಇನ್ನೊಂದು ನೋಟ ಸಾಮಾನ್ಯ. ತಾರಸಿ ಸೋರುತ್ತದೆಂದು ಕಬ್ಬಿಣದ ಕಂಬ ನಿಲ್ಲಿಸಿ ಮೇಲೆ ಶೀಟು ಹೊದೆಸುತ್ತಾರೆ. ನೀರಿಗೆ ಒಳ್ಳೆಯ ಉಪಾಯವೇ. ಆದರೆ ಒಣಗಿದ ಜಾಗ ಖಾಲಿ ಉಳಿಯುವುದಿಲ್ಲ. ಅಡಿಕೆ ಸಿಪ್ಪೆ, ತೆಂಗಿನ ಗರಿ, ಸೌದೆ, ಹಳೆ ಹಾಸಿಗೆ, ರಟ್ಟಿನ ಪೆಟ್ಟಿಗೆಗಳೆಲ್ಲ ಅಲ್ಲಿಗೆ ಏರುತ್ತವೆ. ಅದರ ನಡುವೆಯೇ ಇನ್ವರ್ಟರ್ ಬ್ಯಾಟರಿ.

ಲಂಡನ್ನಿನ ಒಂದು ರಾತ್ರಿ

ನೀರು, ಬೆಂಕಿ ಎರಡನ್ನೂ ಒಟ್ಟಿಗೆ ಯೋಚಿಸದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಾಲದಲ್ಲಿ ತೋರಿಸಿದ್ದು ಲಂಡನ್ನಿನ ಗ್ರೆನ್‌ಫೆಲ್ ಟವರ್. ಇಪ್ಪತ್ತನಾಲ್ಕು ಅಂತಸ್ತಿನ, 1970ರ ದಶಕದ ಕಾಂಕ್ರೀಟು ಕಟ್ಟಡ. ಒಂದು ಮನೆಯ ಬೆಂಕಿ ಆ ಮನೆಯಲ್ಲೇ ಉಳಿಯುವಂತೆ ಕಟ್ಟಿದ್ದು. 2016ರಲ್ಲಿ ಮುಗಿದ ನವೀಕರಣದಲ್ಲಿ ಅದಕ್ಕೆ ಹೊರಗಿನಿಂದ ಹೊಸ ಉಡುಗೆ ತೊಡಿಸಿದರು. ಚಳಿ ತಡೆಯಲು ಪ್ಲಾಸ್ಟಿಕ್ ಫೋಮಿನ ಹಲಗೆ, ಅದರ ಹೊರಗೆ ಒಂದಿಷ್ಟು ಖಾಲಿ ಸಂದಿ, ಆಮೇಲೆ ಮಳೆ ತಡೆಯುವ ಅಲ್ಯೂಮಿನಿಯಂ ಫಲಕ.

ಆ ಸಂದಿ ಬಿಟ್ಟದ್ದು ತೇವಕ್ಕಾಗಿ. ಫಲಕದ ಹಿಂದೆ ನುಗ್ಗಿದ ಮಳೆನೀರು ಕೆಳಗಿಳಿಯಲಿ, ಗಾಳಿಯಾಡಿ ಗೋಡೆ ಒಣಗಲಿ ಎಂಬುದು ಉದ್ದೇಶ. ಮಳೆಯ ದೃಷ್ಟಿಯಿಂದ ಸರಿಯಾದ ವಿಧಾನ. ಆದರೆ ಫಲಕಗಳು ಬರಿಯ ಲೋಹವಾಗಿರಲಿಲ್ಲ. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪಾಲಿಥೀನ್ ತುಂಬಿತ್ತು, ಅದೇ ಎಣ್ಣೆ ಕುಲದ್ದು. 2017ರ ಜೂನ್ 14ರ ಮಧ್ಯರಾತ್ರಿ ಕಳೆದು ನಾಲ್ಕನೇ ಅಂತಸ್ತಿನ ಮನೆಯೊಂದರ ಫ್ರಿಜ್ಜಿನಿಂದ ಹುಟ್ಟಿದ ಬೆಂಕಿ ಕಿಟಕಿಯ ಬಳಿ ಹೊರಬಂದು ಈ ಉಡುಗೆಯನ್ನು ಹಿಡಿಯಿತು. ಗೋಡೆಯನ್ನು ಒಣಗಿಸಬೇಕಿದ್ದ ಸಂದಿಯಲ್ಲಿ ಬಿಸಿಗಾಳಿ ಮೇಲಕ್ಕೆ ನುಗ್ಗಿ ಬೆಂಕಿಯನ್ನು ಎಳೆದುಕೊಂಡು ಹೋಯಿತು. ಸುಮಾರು ಅರ್ಧ ಗಂಟೆಯಲ್ಲಿ ಜ್ವಾಲೆ ತುದಿ ಮುಟ್ಟಿತು. 72 ಮಂದಿ ಸತ್ತರು. ಮರುವರ್ಷ ಇಂಗ್ಲೆಂಡ್ 18 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳ ಹೊರಗೋಡೆಗೆ ಉರಿಯುವ ವಸ್ತು ಬಳಸುವುದನ್ನು ನಿಷೇಧಿಸಿತು.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಅಂಗಡಿ ಸಾಲು, ಆಸ್ಪತ್ರೆ, ಹೋಟೆಲುಗಳ ಮುಖಕ್ಕೆ ಬಡಿದಿರುವ ಹೊಳೆಯುವ ಫಲಕಗಳನ್ನು ನಮ್ಮವರು ಎಸಿಪಿ ಶೀಟು ಎನ್ನುತ್ತಾರೆ. ಅದರ ಒಡಲಲ್ಲಿ ಪಾಲಿಥೀನ್ ಇದೆಯೋ ಖನಿಜದ ಪುಡಿ ತುಂಬಿದ ಬೆಂಕಿ ತಡೆಯುವ ಬಗೆಯೋ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಬೆಲೆಯಲ್ಲಿ ಮಾತ್ರ ಕಾಣುತ್ತದೆ.

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಬೆಂಕಿ ದುರಂತದ ಬಗೆ ಬೇರೆ. 2010ರ ಫೆಬ್ರುವರಿ 23ರಂದು ಅಲ್ಲಿ ಒಂಬತ್ತು ಮಂದಿ ಸತ್ತರು. ಅಲ್ಲಿ ಕೊಂದದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ, ಅದು ಏರಿದ್ದು ವಿದ್ಯುತ್ ಕೇಬಲುಗಳ ಕೊಳವೆ ಜಾಗದಿಂದ. ಯಾವ ಕಟ್ಟಡದಲ್ಲೂ ಕೇಬಲು, ಪೈಪುಗಳಿಗಾಗಿ ಸ್ಲಾಬಿನಲ್ಲಿ ಕೊರೆದ ತೂತಿನಲ್ಲಿ ಮೇಲಿನಿಂದ ಬಚ್ಚಲ ನೀರು ಇಳಿಯುತ್ತದೆ, ಕೆಳಗಿನಿಂದ ಹೊಗೆ ಏರುತ್ತದೆ. ಪ್ಲಂಬರು ಅದಕ್ಕೆ ಡಬ್ಬಿಯ ಫೋಮ್ ಊದಿ ಹೋಗುತ್ತಾನೆ. ತೂತು ಮುಚ್ಚಿದಂತೆ ಕಾಣುತ್ತದೆ, ಆದರೆ ಸಾಮಾನ್ಯ ಫೋಮ್ ಚೆನ್ನಾಗಿ ಉರಿಯುತ್ತದೆ. ಬೆಂಕಿ ತಡೆಯಲೆಂದೇ ತಯಾರಿಸಿದ ಸೀಲಂಟು ಬೇರೆ ಸಿಗುತ್ತದೆ, ಇಲ್ಲವೆಂದರೆ ಸಿಮೆಂಟು ಗಾರೆಯೇ ವಾಸಿ.

ಒಡಲಲ್ಲಿ ನೀರಿಟ್ಟುಕೊಂಡ ಹಲಗೆ

ಫಾಲ್ಸ್ ಸೀಲಿಂಗಿಗೆ ಬಳಸುವ ಜಿಪ್ಸಂ ಹಲಗೆಯ ಗುಣ ವಿಚಿತ್ರ. ಜಿಪ್ಸಂನ ತೂಕದಲ್ಲಿ ನೂರಕ್ಕೆ ಸುಮಾರು 21 ಪಾಲು ಬರಿಯ ನೀರು, ಹರಳಿನೊಳಗೆ ಬಂಧಿಯಾಗಿರುವ ನೀರು. ಬೆಂಕಿ ತಾಗಿದಾಗ ಆ ನೀರು ಆವಿಯಾಗುತ್ತ ಶಾಖವನ್ನು ನುಂಗುತ್ತದೆ. ಎಲ್ಲ ನೀರು ಹೋಗುವವರೆಗೆ ಹಲಗೆಯ ಹಿಂಬದಿ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೆಂಕಿಗೆ ಇಷ್ಟು ಒಳ್ಳೆಯ ಕಾವಲುಗಾರ ಹೊರಗಿನ ನೀರಿಗೆ ಮಾತ್ರ ಸೋಲುತ್ತಾನೆ. ಮೇಲಿನ ಬಚ್ಚಲು ಸೋರಿದರೆ ಹಲಗೆ ಉಬ್ಬಿ, ಬೂಷ್ಟು ಹಿಡಿದು ಜೋತುಬೀಳುತ್ತದೆ. ಸೋರುವ ಮನೆಯಲ್ಲಿ ಮೊದಲು ಸೋರಿಕೆ ನಿಲ್ಲಬೇಕು, ಆಮೇಲೆ ಸೀಲಿಂಗು.

ಮರಕ್ಕೆ ಬೋರಾಕ್ಸ್, ಬೋರಿಕ್ ಆಮ್ಲ ಕುಡಿಸಿದರೆ ಹುಳ, ಬೂಷ್ಟು, ಬೆಂಕಿ ಮೂರಕ್ಕೂ ತಡೆ. ಆದರೆ ಮಳೆ ತಾಗುವ ಕಡೆ ಆ ಲವಣ ತೊಳೆದುಹೋಗುತ್ತದೆ. ಒಳಮನೆಯ ಮರಕ್ಕಷ್ಟೇ ಅದು ಸರಿ.

ಒಂದು ಅಂಗುಲದ ಕಾವಲು

ಎರಡೂ ಶತ್ರುಗಳನ್ನು ಒಂದೇ ಏಟಿಗೆ ತಡೆಯುವ ವಸ್ತು ಹೊಸ ಮನೆಗಳಲ್ಲಿ ಇದ್ದರೆ ಅದು ಕಾಂಕ್ರೀಟಿನ ಕವರ್, ಅಂದರೆ ಒಳಗಿನ ಕಂಬಿಯನ್ನು ಮುಚ್ಚಿರುವ ಕಾಂಕ್ರೀಟಿನ ಪದರ. ಸ್ಲಾಬಿನ ಮೋಲ್ಡ್ ಹಾಕುವ ದಿನ ಸೆಂಟ್ರಿಂಗ್ ಹಲಗೆಯ ಮೇಲೆ ಕಂಬಿ ಕಟ್ಟಿರುತ್ತಾರೆ. ಕಂಬಿ ಹಲಗೆಗೆ ತಾಗದಂತೆ ಅಡಿಯಲ್ಲಿ ಬಿಸ್ಕತ್ತಿನಗಲದ ಸಿಮೆಂಟು ಚೂರುಗಳನ್ನು ಇಡಬೇಕು, ಅವೇ ಕವರ್ ಬ್ಲಾಕ್. ಹೊತ್ತಾಯಿತೆಂದು ಅದರ ಬದಲು ಜಲ್ಲಿಕಲ್ಲು ಸಿಕ್ಕಿಸುತ್ತಾರೆ. ಕಾಂಕ್ರೀಟು ಸುರಿಯುವ ಗಡಿಬಿಡಿಯಲ್ಲಿ ಆಳುಗಳು ಕಂಬಿಯ ಮೇಲೆ ನಡೆದಾಗ ಜಲ್ಲಿ ಜಾರುತ್ತದೆ, ಕಂಬಿ ಹಲಗೆಗೆ ಕೂರುತ್ತದೆ. ಹಲಗೆ ಬಿಚ್ಚಿದಾಗ ಛಾವಣಿಯಡಿ ಕಂಬಿಯ ಗೆರೆಗಳು ಕಂಡರೆ ಕವರ್ ಇಲ್ಲವೆಂದೇ ಅರ್ಥ. ಗಾರೆ ಬಳಿದು ಮುಚ್ಚುತ್ತಾರೆ.

ಆ ಒಂದು ಅಂಗುಲದ ಕೆಲಸ ದೊಡ್ಡದು. ತೇವ, ಉಪ್ಪುಗಾಳಿ ಕಂಬಿಯನ್ನು ಮುಟ್ಟದಂತೆ ಅದು ತಡೆಯಬೇಕು. ತುಕ್ಕು ಹಿಡಿದ ಕಬ್ಬಿಣ ಎರಡರಿಂದ ಆರು ಪಟ್ಟು ಉಬ್ಬಿ ಕಾಂಕ್ರೀಟನ್ನು ಒಡೆದು ಕೆಡವುತ್ತದೆ. ಕಡಲ ಬದಿಯ ಹಳೆಯ ಕಟ್ಟಡಗಳ ಸಜ್ಜಾ ಉದುರುವುದು ಇದರಿಂದ. ಬೆಂಕಿಯಲ್ಲೂ ಅದೇ ಅಂಗುಲ ಕಾಯಬೇಕು. ಸುಮಾರು 550 ಡಿಗ್ರಿಯಲ್ಲಿ ಉಕ್ಕಿನ ಬಲ ಅರ್ಧಕ್ಕಿಳಿಯುತ್ತದೆ, ಕೋಣೆ ಹೊತ್ತಿ ಉರಿದಾಗ ಶಾಖ 800 ಡಿಗ್ರಿ ದಾಟುತ್ತದೆ. ಭಾರತೀಯ ಮಾನಕ ಐಎಸ್ 456 ಕವರಿನ ದಪ್ಪಕ್ಕೆ ಎರಡು ಪಟ್ಟಿ ಕೊಡುತ್ತದೆ, ಒಂದು ಹವೆಗೆ, ಇನ್ನೊಂದು ಬೆಂಕಿಗೆ. ಸೌಮ್ಯ ಹವೆಗೆ 20 ಮಿ.ಮೀ., ಕಠಿಣ ಹವೆಗೆ 45. ಎರಡು ಪಟ್ಟಿಗಳಲ್ಲಿ ಯಾವುದು ಹೆಚ್ಚು ಕೇಳುತ್ತದೋ ಅದನ್ನೇ ಪಾಲಿಸಬೇಕು.

ಮನೆ ಕಟ್ಟಿಸುವವರು ಗ್ರಾನೈಟಿನ ಬಣ್ಣಕ್ಕೆ ನಾಲ್ಕು ಅಂಗಡಿ ಸುತ್ತುತ್ತಾರೆ. ಮೋಲ್ಡಿನ ಹಿಂದಿನ ಸಂಜೆ ಕಂಬಿಯ ಅಡಿ ಬಗ್ಗಿ ನೋಡಿ, ಕವರ್ ಬ್ಲಾಕ್ ಇಲ್ಲದ ಕಡೆ ಇಡಿಸಿ. ಗೋಡೆಗೋ ಮುಂಭಾಗಕ್ಕೋ ಹೊಸದೇನನ್ನು ಹಚ್ಚುವವರಿಗೂ ನೀರಿಗೆ ಏನಾಗುತ್ತದೆ ಎಂದು ಕೇಳಿದ ಮೇಲೆ ಬೆಂಕಿಗೆ ಏನಾಗುತ್ತದೆ ಎಂದೂ ಕೇಳಿ. ಕಟ್ಟಿ ಮುಗಿದ ಮನೆಯಲ್ಲಿರುವವರು ಮೀಟರ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ ನೋಡಿ. ಇದ್ದರೆ ಅದರ ಮೇಲೆ ಟಿ ಎಂದು ಬರೆದ ಪುಟ್ಟ ಗುಂಡಿಯಿರುತ್ತದೆ. ಮಳೆ ಹಿಡಿಯುವ ಮೊದಲು ಒಮ್ಮೆ ಒತ್ತಿ. ಕರೆಂಟು ತಟ್ಟನೆ ಹೋಗಬೇಕು. ಹೋಗದಿದ್ದರೆ ಎಲೆಕ್ಟ್ರೀಷಿಯನ್ನನ್ನು ಅವತ್ತೇ ಕರೆಸಿ.